ಮಗಳು ನೋಟ್‌ಬುಕ್ ತುಂಬಾ ಚಿತ್ರ ಬಿಡಿಸುತ್ತಾಳೆ, ಬಿಡಬೇಕಾ, ತಡೆಯಬೇಕಾ?

ಪ್ರಶ್ನೆ: ನಾವು ಹಾಸನದಲ್ಲಿದ್ದೇವೆ. ಮಗಳು 8ನೇ ಕ್ಲಾಸು, ಸ್ಟೇಟ್ ಸಿಲಬಸ್. ಯಾವ ನೋಟ್‌ಬುಕ್ ತೆಗೆದರೂ ಅಂಚಿನಲ್ಲಿ, ಹಿಂದಿನ ಪುಟದಲ್ಲಿ ಚಿತ್ರ. ಪಾಠ ನಡೆಯುವಾಗಲೂ ಗೀಚುತ್ತಿರುತ್ತಾಳೆ ಅಂತ ವಿಜ್ಞಾನದ ಮಿಸ್ ನಮ್ಮನ್ನು ಕರೆಸಿ ಹೇಳಿದರು. ಗಣಿತ, ಸಮಾಜದಲ್ಲಿ ಅಂಕ ಇಳಿದಿದೆ. ಈ ನಡುವೆ ಬೆರಳಚ್ಚು ತೆಗೆದು ಮಿದುಳಿನ ಪರೀಕ್ಷೆ ಮಾಡುತ್ತೇವೆ ಅನ್ನುವವರು ಬಂದಿದ್ದರು. ದುಡ್ಡು ಕಟ್ಟಿದ ಮೇಲೆ ದಪ್ಪ ರಿಪೋರ್ಟ್ ಕೊಟ್ಟರು. ಇವಳು 'ವಿಶುವಲ್ ಲರ್ನರ್' (ನೋಡಿ ಕಲಿಯುವವಳು), ಬಲಮಿದುಳಿನವಳು, ಓದಿ ಕಲಿಯುವುದು ಇವಳಿಗೆ ಕಷ್ಟ, ವಿಡಿಯೊದಲ್ಲೇ ಕಲಿಸಿ ಅಂತ ಅದರಲ್ಲಿದೆ. ಈಗ ಶಾಲೆಯಲ್ಲಿ ಶನಿವಾರ 'ಡಿಸೈನ್ ಥಿಂಕಿಂಗ್' ಕ್ಲಾಸು ಶುರುವಾಗುತ್ತಿದೆ, ವರ್ಷಕ್ಕೆ 18 ಸಾವಿರ ರೂಪಾಯಿ. ನಮ್ಮ ಯಜಮಾನರು ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಬಣ್ಣ, ಬ್ರಷ್ ಎಲ್ಲ ಎತ್ತಿಡು ಅನ್ನುತ್ತಾರೆ. ಮಗ 5ನೇ ಕ್ಲಾಸು, ಲೆಕ್ಕದಲ್ಲಿ ಚುರುಕು, ಚಿತ್ರದ ಗೊಡವೆಯೇ ಇಲ್ಲ, ಹಾಗಾಗಿ ಅವನ ಚಿಂತೆ ಇಲ್ಲ. ಮಗಳ ವಿಷಯದಲ್ಲಿ ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಕಳವಳ ಆಗಿದ್ದು ಆ ರಿಪೋರ್ಟ್ ಬಗ್ಗೆ. ಅಂಕ ಇಳಿದಿದ್ದನ್ನು ಸರಿಮಾಡಬಹುದು. ಆದರೆ 13 ವರ್ಷದ ಹುಡುಗಿಗೆ 'ಓದಿ ಕಲಿಯುವುದು ನಿನ್ನಿಂದ ಆಗುವುದಿಲ್ಲ' ಅಂತ ಅಚ್ಚುಹಾಕಿ ಕೊಟ್ಟರೆ ಅವಳು ಅದನ್ನು ನಂಬಿಬಿಡುತ್ತಾಳೆ. ಹಾಗಾಗಿ ಅದನ್ನೇ ಮೊದಲು ಮುಗಿಸೋಣ.

ಬೆರಳಿನ ಗೆರೆಗಳು ಮಗು ಹೊಟ್ಟೆಯಲ್ಲಿರುವಾಗಲೇ ಮೂಡುತ್ತವೆ. ಅವುಗಳನ್ನು ನೋಡಿ ಮಗು ಹೇಗೆ ಕಲಿಯುತ್ತದೆ, ಯಾವ ಕೋರ್ಸಿಗೆ ಸೇರಬೇಕು ಅಂತ ಹೇಳುವುದಕ್ಕೆ ವಿಜ್ಞಾನದ ಆಧಾರವಿಲ್ಲ. 'ಬಲಮಿದುಳು, ಎಡಮಿದುಳು' ಕಥೆಗೆ ಮಾತ್ರ ಒಂದು ನಿಜವಾದ ಬೇರಿದೆ. ಮೂರ್ಛೆ ರೋಗ ತಡೆಯಲು ಮಿದುಳಿನ ಎರಡು ಭಾಗಗಳ ನಡುವಿನ ಸಂಪರ್ಕ ಕತ್ತರಿಸಿದ ಕೆಲವು ರೋಗಿಗಳನ್ನು ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರ್ರಿ ಅಧ್ಯಯನ ಮಾಡಿದರು, ಅದಕ್ಕೆ 1981ರಲ್ಲಿ ನೊಬೆಲ್ ಕೂಡ ಬಂತು. ಭಾಷೆಯಂಥ ಕೆಲವು ಕೆಲಸಗಳು ಒಂದು ಕಡೆ ಹೆಚ್ಚು ನಡೆಯುತ್ತವೆ ಅನ್ನುವುದು ನಿಜ. ಆದರೆ ಅಲ್ಲಿಂದ 'ಕೆಲವರು ಬಲಮಿದುಳಿನವರು, ಕೆಲವರು ಎಡಮಿದುಳಿನವರು' ಅನ್ನುವಲ್ಲಿಗೆ ಜಿಗಿದಿದ್ದು ಜನರ ಕಲ್ಪನೆ. 2013ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಸ್ಕ್ಯಾನ್ ನೋಡಿದರು. ಇಡೀ ಮಿದುಳಿನಲ್ಲಿ ಒಂದೇ ಪಕ್ಕ ಜೋರಾಗಿರುವ ಜನ ಅವರಿಗೆ ಸಿಗಲಿಲ್ಲ.

ಇನ್ನು 'ವಿಶುವಲ್ ಲರ್ನರ್' ಅನ್ನುವುದು. ಇದನ್ನು ಎಷ್ಟೋ ಶಿಕ್ಷಕರೂ ನಂಬುತ್ತಾರೆ, ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. ಇದು ನಿಜ ಅಂತ ತೋರಿಸಬೇಕಾದರೆ, ಚಿತ್ರ ಇಷ್ಟಪಡುವ ಮಕ್ಕಳು ಚಿತ್ರದಿಂದಲೇ ಚೆನ್ನಾಗಿ ಕಲಿತು, ಮಾತು ಇಷ್ಟಪಡುವವರು ಮಾತಿನಿಂದಲೇ ಚೆನ್ನಾಗಿ ಕಲಿಯಬೇಕು, ಅದಲುಬದಲು ಮಾಡಿದರೆ ಇಬ್ಬರೂ ಹಿಂದೆ ಬೀಳಬೇಕು. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಶ್ಶಾಸ್ತ್ರಜ್ಞರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದಾಗ ಇದನ್ನು ಒಪ್ಪುವಷ್ಟು ಪುರಾವೆ ಸಿಗಲಿಲ್ಲ. ನಿಮ್ಮ ಮಗಳಿಗೆ ಚಿತ್ರ ಇಷ್ಟ, ಅಷ್ಟು ನಿಜ. ಅದರಿಂದ ಅವಳಿಗೆ ಓದು ಹತ್ತುವುದಿಲ್ಲ ಅಂತ ಆಗುವುದಿಲ್ಲ. ರಿಪೋರ್ಟ್ ತಪ್ಪು ಅಂತ ಅವಳನ್ನು ಕೂರಿಸಿಕೊಂಡು ಬಾಯಿಬಿಟ್ಟು ಹೇಳಿ. ಸುಮ್ನೆ ಬೀರುವಿನಲ್ಲಿ ಬಚ್ಚಿಟ್ಟರೆ ಸಾಲದು.

ವಿಡಿಯೊ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಳ್ಳೆ ವಿಡಿಯೊ ಉಪಯೋಗಕ್ಕೆ ಬರುತ್ತದೆ, ಮುಖ್ಯವಾಗಿ ಚಲನೆ ಇರುವ ವಿಷಯಗಳಿಗೆ. ಆದರೆ ನೋಡುತ್ತಾ ಕೂತಾಗ ಎಲ್ಲ ಅರ್ಥವಾದ ಹಾಗೆ ಅನ್ನಿಸುತ್ತದೆ. ನಿಲ್ಲಿಸಿ, ಈಗ ನೋಡಿದ್ದನ್ನು ಹಾಳೆಯ ಮೇಲೆ ಬಿಡಿಸು ಅಂದಾಗಲೇ ಎಷ್ಟು ಹಿಡಿದಿದೆ ಅಂತ ಗೊತ್ತಾಗುವುದು.

ಹಾಗಾದರೆ ಚಿತ್ರದಿಂದ ಕಲಿಕೆಗೆ ಏನೂ ಇಲ್ಲವಾ? ತುಂಬಾ ಇದೆ. ಅದು 'ಚಿತ್ರದ ಮಕ್ಕಳು' ಅನ್ನುವ ಒಂದು ಗುಂಪಿಗೆ ಮೀಸಲಲ್ಲ, ಎಲ್ಲರಿಗೂ ಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ಅಲನ್ ಪೈವಿಯೊ 1970ರ ದಶಕದಲ್ಲೇ ಹೇಳಿದ್ದರು, ಒಂದು ವಿಷಯ ಮಾತಾಗಿಯೂ ಚಿತ್ರವಾಗಿಯೂ ಮನಸ್ಸಿಗೆ ಹೋದರೆ ನೆನಪಿಗೆ ಎರಡು ದಾರಿ ಆಗುತ್ತದೆ ಅಂತ. 2016ರಲ್ಲಿ ಅದೇ ದೇಶದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಒಂದು ಸರಣಿ ಪ್ರಯೋಗ ಮಾಡಿದರು. ಪದಗಳನ್ನು ಮತ್ತೆ ಮತ್ತೆ ಬರೆದವರಿಗಿಂತ ಅದರ ಚಿತ್ರ ಬಿಡಿಸಿದವರಿಗೆ ಹೆಚ್ಚು ಪದ ನೆನಪಿತ್ತು. ಚಿತ್ರ ಚೆನ್ನಾಗಿರಬೇಕು ಅಂತೇನೂ ಇರಲಿಲ್ಲ. ಗೀಚಿದರೂ ಸಾಕಿತ್ತು.

ನೆನಪು ಚಿಕ್ಕ ಲಾಭ. ದೊಡ್ಡ ಲಾಭ ಬೇರೆ ಇದೆ, ಅದಕ್ಕೆ ಅವಳ ಗಣಿತದಿಂದಲೇ ಉದಾಹರಣೆ ಕೊಡುತ್ತೇನೆ. ಎ ಪ್ಲಸ್ ಬಿ ಹೋಲ್ ಸ್ಕ್ವೇರ್. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಎ² + ಬಿ² ಅಂತ ಬರೆದು ಬರುತ್ತಾರೆ. ನಡುವಿನ 2ಎಬಿ ಎಲ್ಲಿಂದ ಬಂತು ಅಂತ ಯಾರೂ ತೋರಿಸಿರುವುದಿಲ್ಲ. ಚೌಕುಳಿ ಹಾಳೆಯಲ್ಲಿ 13 ಮನೆ ಅಗಲ, 13 ಮನೆ ಎತ್ತರದ ಒಂದು ಚೌಕ ಬಿಡಿಸಲು ಹೇಳಿ. ಎರಡೂ ಕಡೆ 10 ಮನೆ ಆದಮೇಲೆ ಒಂದೊಂದು ಅಡ್ಡಗೆರೆ, ಉದ್ದಗೆರೆ ಎಳೆಯಲಿ. ಈಗ ಒಳಗೆ ನಾಲ್ಕು ತುಂಡು ಆಗುತ್ತವೆ. ಒಂದು ದೊಡ್ಡ ಚೌಕ, 100 ಮನೆ. ಒಂದು ಪುಟ್ಟ ಚೌಕ, 9 ಮನೆ. ಎರಡನ್ನೇ ಕೂಡಿಸಿದರೆ 109. ಆದರೆ 13ರ ವರ್ಗ 169. ಕಳೆದುಹೋದ 60 ಎಲ್ಲಿದೆ? ಪಕ್ಕದಲ್ಲೇ ಇವೆ, 10 ಮನೆ ಉದ್ದ, 3 ಮನೆ ಅಗಲದ ಎರಡು ಆಯತಗಳು. ಇಲ್ಲಿ ಎ ಅಂದರೆ 10, ಬಿ ಅಂದರೆ 3, ಆ ಎರಡು ಆಯತಗಳೇ 2ಎಬಿ. ಇದನ್ನು ತಾನೇ ಬಿಡಿಸಿ ಎಣಿಸಿದ ಮಗು ಆಮೇಲೆ 2ಎಬಿ ಮರೆತರೂ ಮತ್ತೆ ಹುಡುಕಿಕೊಳ್ಳುತ್ತದೆ. ಅಮೆರಿಕದ ಸಂಶೋಧಕರಾದ ಜಿಲ್ ಲಾರ್ಕಿನ್ ಮತ್ತು ಹರ್ಬರ್ಟ್ ಸೈಮನ್ 1987ರಲ್ಲಿ ಬರೆದ ಒಂದು ಹೆಸರಾಂತ ಲೇಖನದ ಸಾರವೂ ಹೆಚ್ಚುಕಡಿಮೆ ಇದೇ. ವಾಕ್ಯದಲ್ಲಿ ಒಂದರ ಹಿಂದೆ ಒಂದು ಬರುವ ಸಂಗತಿಗಳನ್ನು ಒಳ್ಳೆಯ ರೇಖಾಚಿತ್ರ ಒಂದೇ ಜಾಗದಲ್ಲಿ ಕೂರಿಸುತ್ತದೆ, ಹಾಗಾಗಿ ಕಣ್ಣಿಗೆ ಸಂಬಂಧ ಬೇಗ ಸಿಗುತ್ತದೆ.

ಸಮಾಜಕ್ಕೂ ಇದೇ ದಾರಿ. ವಿಜಯನಗರದ ಪಾಠ ತೆಗೆದುಕೊಳ್ಳಿ. ಇಸವಿಗಳ ಪಟ್ಟಿ ಉರುಹೊಡೆಯುವ ಬದಲು ಉದ್ದ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆಯಲಿ, 10 ವರ್ಷಕ್ಕೆ 1 ಸೆಂಟಿಮೀಟರ್. 1336ರಿಂದ 1565ರ ತಾಳಿಕೋಟೆ ಯುದ್ಧದವರೆಗೆ ಸುಮಾರು 23 ಸೆಂಟಿಮೀಟರ್ ಆಗುತ್ತದೆ. ಅದರಲ್ಲಿ ಕೃಷ್ಣದೇವರಾಯನ ಕಾಲ, 1509ರಿಂದ 1529, ಬರೀ 2 ಸೆಂಟಿಮೀಟರ್! ಅವನಿಗೆ ಮೊದಲು 17 ಸೆಂಟಿಮೀಟರಿನಷ್ಟು ಚರಿತ್ರೆ ಇದೆ. ಅವನಾದ ಮೇಲೆ ನಾಲ್ಕು ಸೆಂಟಿಮೀಟರ್ ಕೂಡ ಇಲ್ಲದೆ ಯುದ್ಧ ಬಂದುಬಿಡುತ್ತದೆ. ಇದನ್ನು ಅಳೆದು ಎಳೆದ ಮಗು ತಾನಾಗಿ ಪ್ರಶ್ನೆ ಕೇಳುತ್ತದೆ, ಆ 17 ಸೆಂಟಿಮೀಟರಿನಲ್ಲಿ ಏನೇನಾಯಿತು, ಅಷ್ಟು ಬೇಗ ಹೇಗೆ ಸೋತರು ಅಂತ. ಆ ಪ್ರಶ್ನೆ ಹುಟ್ಟಿದ ಮೇಲೆ ಪಾಠ ಓದುವುದು ಬೇರೆಯೇ ರೀತಿ ಇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನೋಡಿ ನಕಲು ಮಾಡಿದ ಚಿತ್ರಕ್ಕೂ ಯೋಚಿಸಿ ಬಿಡಿಸಿದ ಚಿತ್ರಕ್ಕೂ ಅಜಗಜಾಂತರ. ನಾನು ಶಿಕ್ಷಕರ ಜೊತೆ ಕೆಲಸ ಮಾಡುವಾಗ ತರಗತಿಗಳಲ್ಲಿ ಮತ್ತೆ ಮತ್ತೆ ನೋಡುವುದು ಇದನ್ನೇ. ಜಲಚಕ್ರದ ಚಿತ್ರ ಬಿಡಿಸಿ ಅಂದರೆ ಇಡೀ ಕ್ಲಾಸು ಪುಸ್ತಕದ ಚಿತ್ರವನ್ನೇ ಬಿಡಿಸುತ್ತದೆ. ಸಮುದ್ರ, ಮೋಡ, ಬೆಟ್ಟ, ಬಾಣದ ಗುರುತು, ಎಲ್ಲ ಸರಿ. 'ಇದರಲ್ಲಿ ನಿಮ್ಮ ಮನೆ ಬೋರ್‌ವೆಲ್ ಎಲ್ಲಿ ಬರುತ್ತದೆ, ಅದಕ್ಕೆ ನೀರು ಯಾವ ಬಾಣದಲ್ಲಿ ಬಂತು?' ಅಂತ ಕೇಳಿದರೆ ಪೆನ್ಸಿಲ್ ನಿಂತುಬಿಡುತ್ತದೆ. ಕೆಲವರು ನೆಲದ ಅಡಿಯಲ್ಲಿ ದೊಡ್ಡ ಕೆರೆ ಬಿಡಿಸುತ್ತಾರೆ. ಕೆಲವರು ಸಮುದ್ರದಿಂದ ನೇರ ಪೈಪು ಎಳೆಯುತ್ತಾರೆ. ಆಗ ಕಲಿಸುವವರಿಗೆ ಬೇಕಾದ ವಿಷಯ ಸಿಕ್ಕಿತು, ಮಗು ಏನಂದುಕೊಂಡಿದೆ ಅಂತ. 'ಅರ್ಥ ಆಯ್ತಾ?' ಅಂದರೆ ಎಲ್ಲರೂ 'ಆಯ್ತು ಮಿಸ್' ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. 1992ರಲ್ಲಿ ಸಂಶೋಧಕರಾದ ಸ್ಟೆಲ್ಲಾ ವೊಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಭೂಮಿಯ ಬಗ್ಗೆ ಮಕ್ಕಳಿಗೆ ಪ್ರಶ್ನೆ ಕೇಳಿ ಚಿತ್ರ ಬಿಡಿಸಿಸಿದಾಗಲೂ ಹೀಗೇ ಆಯಿತು. ಭೂಮಿ ದುಂಡಗಿದೆ ಅಂತ ಬಾಯಲ್ಲಿ ಹೇಳುವ ಮಕ್ಕಳು ಒಳಗೆ ಟೊಳ್ಳಾದ ಗೋಳ ಬಿಡಿಸಿ ಜನರನ್ನು ಅದರ ಒಳಗಿನ ಚಪ್ಪಟೆ ನೆಲದ ಮೇಲೆ ನಿಲ್ಲಿಸಿದ್ದರು. ನಮ್ಮಲ್ಲೇ, ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಜಯಶ್ರೀ ರಾಮದಾಸ್ ಮತ್ತು ಸಂಗಡಿಗರು ವಿಜ್ಞಾನ ಕಲಿಕೆಯಲ್ಲಿ ಚಿತ್ರ, ಕೈಸನ್ನೆಗಳ ಪಾತ್ರದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ನಿಮ್ಮ ಮಗಳಿಗೆ ಒಂದು ಅಭ್ಯಾಸ ಹೇಳಿಕೊಡಿ. ಸಸ್ಯಕೋಶದ ಪಾಠ ಓದಿದಳು ಅಂದುಕೊಳ್ಳಿ. ಪುಸ್ತಕ ಮುಚ್ಚಿ, ನೆನಪಿನಿಂದ ಪೆನ್ಸಿಲ್ಲಿನಲ್ಲಿ ಬಿಡಿಸಲಿ, ಭಾಗಗಳ ಹೆಸರನ್ನು ಆಯಾ ಭಾಗದ ಪಕ್ಕದಲ್ಲೇ ಬರೆಯಲಿ. ಆಮೇಲೆ ಪುಸ್ತಕ ತೆಗೆದು ಬಿಟ್ಟಿದ್ದು, ತಪ್ಪಿದ್ದು ಎಲ್ಲವನ್ನೂ ಕೆಂಪು ಪೆನ್ನಿನಲ್ಲಿ ಸರಿಮಾಡಲಿ. ಎರಡು ದಿನ ಬಿಟ್ಟು ಮತ್ತೆ ಒಂದು ಸಲ. ಕೆಂಪು ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಓದಬೇಕು ಅಂತ ಅವಳಿಗೇ ಕಾಣುತ್ತದೆ. ಇದಕ್ಕೆ ಬಣ್ಣ, ನೆರಳು ಏನೂ ಬೇಡ. ಚಿತ್ರ ಚೆನ್ನಾಗಿ ಬರುವ ಮಕ್ಕಳು ಬೀಳುವ ಗುಂಡಿಯೇ ಇದು, ಒಂದು ಕೋಶಕ್ಕೆ ಒಂದು ಗಂಟೆ ಬಣ್ಣ ತುಂಬಿ ಓದಿದ ಹಾಗೆ ಸಮಾಧಾನ ಪಟ್ಟುಕೊಳ್ಳುವುದು. ಮೊಬೈಲಿನಲ್ಲಿ ಬರುವ ಚೆಂದದ ನೋಟ್ಸ್ ನೋಡಿ ಈಗ ಇದು ಹೆಚ್ಚಾಗಿದೆ. ಓದಿಗೆ ಬಿಡಿಸುವ ಚಿತ್ರ ಬೇಗ ಆಗಬೇಕು, ಹರಿದು ಹಾಕಲು ಮನಸ್ಸು ಬರುವ ಹಾಗಿರಬೇಕು.

ಕ್ಲಾಸಿನಲ್ಲಿ ಗೀಚುವುದರ ಬಗ್ಗೆ ಮಿಸ್ ಹೇಳಿದ್ದರಲ್ಲಿ ಅರ್ಥವಿದೆ. ಸುಮ್ನೆ ಕೈಯಾಡಿಸುವುದು ಯಾವಾಗಲೂ ಕೆಟ್ಟದ್ದಲ್ಲ. 2009ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 40 ಜನರಿಗೆ ಬೇಸರ ಹಿಡಿಸುವ ಫೋನ್ ಸಂದೇಶ ಕೇಳಿಸಿದಾಗ, ಆಕಾರಗಳ ಒಳಗೆ ಗೆರೆ ತುಂಬುತ್ತಾ ಕೇಳಿದವರು ಶೇ. 29ರಷ್ಟು ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದರೆ ಅದು ಯೋಚನೆ ಬೇಡದ ಗೆರೆ, ಸಣ್ಣ ಪ್ರಯೋಗ. ಪಾಠದ ಮಧ್ಯೆ ಕಣ್ಣು, ಕೂದಲು, ಬಟ್ಟೆಯ ಮಡಿಕೆ ಸಮೇತ ಒಂದು ಮುಖ ಬಿಡಿಸುತ್ತಾ ಕೂತರೆ ಗಮನ ಅಲ್ಲೇ ಹೋಗುತ್ತದೆ. ಮಿಸ್ ಹತ್ತಿರ ಹೋಗಿ ಜಗಳ ಮಾಡದೆ ಒಂದು ಒಪ್ಪಂದ ಕೇಳಿ. ಒಂದು ಗೆರೆಯಿಲ್ಲದ ರಫ್ ಪುಸ್ತಕ, ಅದರಲ್ಲಿ ಅಂದಿನ ಪಾಠದ್ದು ಮಾತ್ರ ಬಿಡಿಸಬಹುದು, ವಾರಕ್ಕೊಮ್ಮೆ ಮಿಸ್‌ಗೆ ತೋರಿಸಬೇಕು. ನನಗೆ ಗೊತ್ತಿರುವ ಹೆಚ್ಚಿನ ಶಿಕ್ಷಕರು ಇದಕ್ಕೆ ಒಪ್ಪುತ್ತಾರೆ, ಎಷ್ಟೋ ಜನ ಆಮೇಲೆ ಇಡೀ ಕ್ಲಾಸಿಗೆ ಮಾಡಿಸುತ್ತಾರೆ.

ಈಗ 18 ಸಾವಿರದ ಪ್ರಶ್ನೆ. 'ಡಿಸೈನ್ ಥಿಂಕಿಂಗ್' ಅಂದರೆ ಚಿತ್ರಕಲೆ ಕ್ಲಾಸಲ್ಲ. ಯಾರದೋ ನಿಜವಾದ ತೊಂದರೆಯನ್ನು ಹತ್ತಿರದಿಂದ ನೋಡುವುದು, ತೊಂದರೆ ನಿಜಕ್ಕೂ ಎಲ್ಲಿದೆ ಅಂತ ಹಿಡಿಯುವುದು, ಕೈಗೆ ಸಿಕ್ಕ ವಸ್ತುವಿನಲ್ಲಿ ಒಂದು ಕಚ್ಚಾ ಮಾದರಿ ಮಾಡುವುದು, ಬಳಸುವವರ ಕೈಗೆ ಕೊಟ್ಟು ನೋಡುವುದು, ಕೆಟ್ಟರೆ ತಿದ್ದುವುದು. ಇದು ಹೊಸ ಫ್ಯಾಷನ್ ಏನಲ್ಲ. ವಿಜ್ಞಾನ, ಸಾಹಿತ್ಯದ ಹಾಗೆ ವಿನ್ಯಾಸವೂ ಶಾಲಾ ಶಿಕ್ಷಣದ ಒಂದು ಭಾಗ ಆಗಬೇಕು ಅಂತ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನ ಬ್ರೂಸ್ ಆರ್ಚರ್ 1970ರ ದಶಕದಲ್ಲೇ ವಾದಿಸಿದ್ದರು. ಅಹಮದಾಬಾದಿನ ರಿವರ್‌ಸೈಡ್ ಶಾಲೆ ಕಟ್ಟಿದ ಕಿರಣ್ ಬೀರ್ ಸೇಠಿ, ತಾವೇ ಎನ್‌ಐಡಿಯಲ್ಲಿ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಕಲಿತ ಡಿಸೈನರ್, 2009ರಲ್ಲಿ 'ಡಿಸೈನ್ ಫಾರ್ ಚೇಂಜ್' ಶುರುಮಾಡಿ ಮಕ್ಕಳು ತಮ್ಮ ಸುತ್ತಲಿನ ತೊಂದರೆ ತಾವೇ ಬಗೆಹರಿಸುವ ದಾರಿಯನ್ನು ಬೇರೆ ದೇಶಗಳಿಗೂ ಮುಟ್ಟಿಸಿದರು.

ನಮ್ಮ ರಾಜ್ಯದಲ್ಲೇ ಇದಕ್ಕಿಂತ ಹಳೆಯ ಉದಾಹರಣೆ ಇದೆ, ಯಾರೂ ಅದನ್ನು ಈ ಹೆಸರಿನಲ್ಲಿ ಕರೆಯಲಿಲ್ಲ ಅಷ್ಟೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ ಕಲಿ, ಚಿಕ್ಕ ತರಗತಿಗಳಿಗೆ ಚಟುವಟಿಕೆಯಿಂದ ಕಲಿಸುವ ಪದ್ಧತಿ. ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿ ಬಂದ ಶಿಕ್ಷಕರು ಅದನ್ನು ನಮ್ಮ ಶಾಲೆಗೆ ಹೊಂದಿಸಿದರು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಒಬ್ಬರೇ ಶಿಕ್ಷಕರು, ಓದಲು ಇನ್ನೂ ಬಾರದ 6 ವರ್ಷದ ಮಗು. 'ಈಗ ನಾನು ಏನು ಮಾಡಬೇಕು' ಅಂತ ಆ ಮಗುವಿಗೆ ಹೇಗೆ ತಿಳಿಯಬೇಕು? ಗೋಡೆಯ ಮೇಲೆ ಕಲಿಕಾ ಏಣಿ, ಅದರ ಮೆಟ್ಟಿಲುಗಳಿಗೆ ಚಿತ್ರದ ಗುರುತು, ಅದೇ ಗುರುತು ಕಾರ್ಡಿನ ಮೇಲೂ. ಮಗು ತನ್ನ ಮೆಟ್ಟಿಲು ನೋಡಿ, ಹೊಂದುವ ಕಾರ್ಡು ತಾನೇ ತೆಗೆದುಕೊಳ್ಳುತ್ತದೆ. ನಲಿ ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಕಾರ್ಡು ಹಳತಾದ, ತರಬೇತಿ ಸಾಲದ ಕಡೆ ಅದು ಸೊರಗಿತು. ಆದರೆ ಆ ಏಣಿಯನ್ನು ನಾನು ವಿನ್ಯಾಸ ಕಲಿಯುವವರಿಗೆ ಇವತ್ತಿಗೂ ತೋರಿಸುತ್ತೇನೆ.

ನಿಮ್ಮ ಶಾಲೆಯ ಕ್ಲಾಸು ಹೇಗಿದೆ ಅಂತ ನನಗೆ ಇಲ್ಲಿಂದ ಹೇಳಲಾಗದು, ನೀವೇ ನೋಡಬಹುದು. ದುಡ್ಡು ಕಟ್ಟುವ ಮುಂಚೆ ಒಂದು ಶನಿವಾರ ಕೂತು ನೋಡಲು ಅವಕಾಶ ಕೇಳಿ. ಮಕ್ಕಳು ಕೋಣೆ ಬಿಟ್ಟು ಹೊರಗೆ ಹೋಗಿ ಯಾರನ್ನಾದರೂ ಗಮನಿಸುತ್ತಾರಾ? ಕೆಟ್ಟುಹೋದ ಮಾದರಿಗಳನ್ನು ಇಟ್ಟಿದ್ದಾರಾ, ಅಥವಾ ಕೊನೆಯ ದಿನದ ಪ್ರದರ್ಶನಕ್ಕೆ ಮಾಡಿದ ಥರ್ಮಾಕೋಲ್ ಮಾತ್ರ ಇದೆಯಾ? ಬಣ್ಣಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸುವುದು, ಐದು ಹಂತಗಳ ಹೆಸರು ಒಪ್ಪಿಸುವುದು, ಪ್ರತಿ ತೊಂದರೆಗೂ ಒಂದು ಮೊಬೈಲ್ ಆ್ಯಪ್ ಅನ್ನುವುದು, ಇಷ್ಟೇ ಆದರೆ ದುಡ್ಡು ಉಳಿಸಿಕೊಳ್ಳಿ. ಕಲಿಸುವವರು ಎರಡು ದಿನದ ತರಬೇತಿ ಮಾತ್ರ ಪಡೆದಿದ್ದರೆ ಹೆಚ್ಚಾಗಿ ಇಷ್ಟೇ ಆಗುತ್ತದೆ.

ಒಂದು ಸರ್ಕಾರಿ ಶಾಲೆಯಲ್ಲಿ ದುಡ್ಡಿಲ್ಲದೆ ನಡೆದಿದ್ದು ಹೇಳುತ್ತೇನೆ. ಬಿಸಿಯೂಟದ ಹೊತ್ತಿಗೆ ನಲ್ಲಿ ಮುಂದೆ ನೂಕುನುಗ್ಗಲು. ಮಕ್ಕಳನ್ನು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಇನ್ನೂ ನಾಲ್ಕು ನಲ್ಲಿ ಹಾಕಿಸಿ. ಹಾಗಾದರೆ ನಿಂತು ನೋಡಿ, ಯಾರು ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಅಂತ ನೆಲದ ನಕ್ಷೆ ಮಾಡಿ ಗೆರೆ ಎಳೆಯಿರಿ ಅಂದೆವು. ಮೂರನೇ ನಕ್ಷೆಯ ಹೊತ್ತಿಗೆ ವಿಷಯ ಕಣ್ಣಿಗೆ ಬಿತ್ತು. ಕೈ ತೊಳೆಯಲು ಬರುವವರು, ತಟ್ಟೆ ತೊಳೆದು ಹೋಗುವವರು, ತಟ್ಟೆ ಜೋಡಿಸಿಡುವ ಬುಟ್ಟಿ, ಮೂರೂ ಒಂದೇ ಮೂಲೆಯಲ್ಲಿದ್ದವು. ಬುಟ್ಟಿಯನ್ನು ಇನ್ನೊಂದು ಬದಿಗೆ ಸರಿಸಿದರು, ಬರುವ ದಾರಿ ಹೋಗುವ ದಾರಿ ಸುಣ್ಣದಲ್ಲಿ ಬರೆದರು. ನುಗ್ಗಲು ಪೂರ್ತಿ ನಿಲ್ಲಲಿಲ್ಲ, ಆದರೆ ತುಂಬಾ ಕಡಿಮೆಯಾಯಿತು. ನಕ್ಷೆ ಇಲ್ಲದಿದ್ದರೆ ಆ ಮಕ್ಕಳು ಈಗಲೂ ನಲ್ಲಿಗೆ ಅರ್ಜಿ ಬರೆಯುತ್ತಿದ್ದರು.

ನಿಮ್ಮ ಯಜಮಾನರ ಆತಂಕ ಪರೀಕ್ಷೆಯದ್ದು, ಅದನ್ನು ತಳ್ಳಿಹಾಕಬೇಡಿ. ಆದರೆ ಬಣ್ಣ ಎತ್ತಿಟ್ಟರೆ ಆ ಹೊತ್ತು ಓದಿಗೆ ಹೋಗುತ್ತದೆ ಅನ್ನುವ ಭರವಸೆ ಇಲ್ಲ, ಮೊಬೈಲಿಗೇ ಹೋಗುವುದು ಹೆಚ್ಚು. ಜೊತೆಗೆ ಅವಳು ತನ್ನ ಬಗ್ಗೆ ಹೆಮ್ಮೆಪಡುವ ಒಂದೇ ವಿಷಯವನ್ನು ಶಿಕ್ಷೆಯಾಗಿ ಕಿತ್ತುಕೊಂಡ ಹಾಗಾಗುತ್ತದೆ. ಇಷ್ಟದ ಚಿತ್ರಕ್ಕೆ ದಿನಕ್ಕೆ ಒಂದು ಗೊತ್ತಾದ ಹೊತ್ತು ಇರಲಿ, ಓದಿನ ಚಿತ್ರ ಓದಿನ ಹೊತ್ತಲ್ಲಿ ಇರಲಿ. ಶಾಲೆಯ ಚಿತ್ರಕಲಾ ಶಿಕ್ಷಕರನ್ನು ಕೇಳಿ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಕಟ್ಟಿಸಬಹುದು, ಅದಕ್ಕೆ ಶಿಸ್ತಿನ ಅಭ್ಯಾಸ ಬೇಕಾಗುತ್ತದೆ.

ಮುಂದಿನ ಓದಿನ ಬಗ್ಗೆ ಈಗಲೇ ತೀರ್ಮಾನ ಬೇಡ, ಆದರೆ ಒಂದೆರಡು ವಿಷಯ ತಿಳಿದಿರಲಿ. ಡಿಸೈನ್ ಪದವಿಗೆ ಎನ್‌ಐಡಿಯ ಪ್ರವೇಶ ಪರೀಕ್ಷೆ, ಐಐಟಿಗಳ ಡಿಸೈನ್ ಪ್ರವೇಶ ಪರೀಕ್ಷೆಯಾದ ಯುಸೀಡ್, ಎರಡನ್ನೂ ಪಿಯುಸಿಯಲ್ಲಿ ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾವುದು ಓದಿದವರೂ ಬರೆಯಬಹುದು. ಆರ್ಕಿಟೆಕ್ಚರ್‌ಗೆ ಮಾತ್ರ ಗಣಿತ ಬೇಕು. ಸೀಟು ಕಡಿಮೆ, ಎಷ್ಟೋ ಕಾಲೇಜುಗಳಲ್ಲಿ ಫೀಸು ಲಕ್ಷಗಳಲ್ಲಿದೆ, ಕೋಚಿಂಗ್‌ನವರ ಮಾತು ಪೂರ್ತಿ ನಂಬಬೇಡಿ. ಈ ಪರೀಕ್ಷೆಗಳು ಚೆಂದದ ಚಿತ್ರಕ್ಕಿಂತ ಗಮನಿಸುವ ಗುಣವನ್ನು ಹುಡುಕುತ್ತವೆ. 1958ರಲ್ಲಿ ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯ ನಂತರವೇ 1961ರಲ್ಲಿ ಎನ್‌ಐಡಿ ಶುರುವಾಗಿದ್ದು, ಆ ವರದಿಯಲ್ಲಿ ಅವರು ಬಾಯ್ತುಂಬಾ ಹೊಗಳಿದ್ದು ನಮ್ಮ ಮನೆಯ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಕಂಕುಳಲ್ಲಿ ಹೇಗೆ ಕೂರಬೇಕು, ತುಂಬಿದಾಗ, ಖಾಲಿಯಾದಾಗ ತೂಕ ಎತ್ತ ವಾಲುತ್ತದೆ, ಒಳಗೆ ಕೈಹಾಕಿ ತೊಳೆಯಲು ಬರುತ್ತದಾ ಅಂತ ಒಂದರ ಮೇಲೊಂದು ಪ್ರಶ್ನೆ. ಅಡುಗೆಮನೆಯ ಯಾವುದೇ ಸಾಮಾನು ಹಿಡಿದು ನಿಮ್ಮ ಮಗಳು ಹೀಗೆ ಪ್ರಶ್ನೆ ಹಾಕಿಕೊಂಡು ಬಿಡಿಸಲಿ. ಇದಕ್ಕೆ 18 ಸಾವಿರ ಬೇಡ.

ಕೊನೆಗೆ ನಿಮ್ಮ ಮಗ. ಅವನ ಚಿಂತೆ ಇಲ್ಲ ಅಂದಿರಿ. ನಾನು ಒಪ್ಪುವುದಿಲ್ಲ. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ, ಮಡಚಿ ನೋಡುವ ಶಕ್ತಿ ಎಂಜಿನಿಯರಿಂಗ್, ವಿಜ್ಞಾನದಲ್ಲಿ ದೊಡ್ಡ ಆಸರೆ, ಅದನ್ನು ನಮ್ಮ ಶಾಲಾ ಪರೀಕ್ಷೆಗಳು ಹೆಚ್ಚುಕಡಿಮೆ ಅಳೆಯುವುದೇ ಇಲ್ಲ. ಅಮೆರಿಕದ ಮಿಷಿಗನ್‌ನಲ್ಲಿ ಶೆರಿಲ್ ಸೋರ್ಬಿ 1990ರ ದಶಕದಲ್ಲಿ ಈ ಶಕ್ತಿ ಕಡಿಮೆಯಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕೈಯಿಂದ ಸ್ಕೆಚ್ ಮಾಡಿಸುವ ಒಂದು ಕೋರ್ಸ್ ಶುರುಮಾಡಿದರು, ಅವರ ಅಂಕವೂ ಏರಿತು, ಓದು ಬಿಡುವುದೂ ಕಡಿಮೆಯಾಯಿತು. 2013ರಲ್ಲಿ ಮನಶ್ಶಾಸ್ತ್ರಜ್ಞ ಡೇವಿಡ್ ಉಟಾಲ್ ಮತ್ತು ಜೊತೆಗಾರರು 217 ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದಾಗಲೂ ಅಭ್ಯಾಸದಿಂದ ಇದು ಬೆಳೆಯುತ್ತದೆ ಅಂತಲೇ ಕಂಡಿತು. ಹಾಗಾಗಿ ಅವನ ಕೈಗೂ ಪೆನ್ಸಿಲ್ ಕೊಡಿ. ಬೆಂಕಿಪೊಟ್ಟಣವನ್ನು ಮೇಲಿಂದ, ಮುಂದಿನಿಂದ, ಪಕ್ಕದಿಂದ ಬಿಡಿಸಲಿ. ಅಜ್ಜಿ ಜೊತೆ ಚುಕ್ಕಿ ರಂಗೋಲಿ ಹಾಕಲಿ, ಹುಡುಗ ಅಂತ ಬಿಡಬೇಡಿ, ಅರ್ಧ ಭಾಗ ಅಜ್ಜಿ ಹಾಕಿದ್ದನ್ನು ನೋಡಿ ಉಳಿದರ್ಧ ಅವನು ತುಂಬಲಿ. ಬರೆದ ಲೆಕ್ಕದ ಪಕ್ಕದಲ್ಲಿ ಅದರ ಚಿತ್ರ ಕೇಳಿ. ಉತ್ತರ ಸರಿ ಬಂದು ಚಿತ್ರ ಬರದಿದ್ದರೆ, ಆ ಲೆಕ್ಕವನ್ನು ಅಕ್ಕನ ಹತ್ತಿರ ಕೂತು ಇನ್ನೊಂದು ಸಲ ಮಾಡಲಿ.